ತರಗತಿಗೊಂದು ಬ್ಲಾಗ್, ಅಕ್ಕೋರಿಗೆ ಇನ್ನೊಂದು

"ಬಳಚು ಒಂದು ಜಲಚರ ಪ್ರಾಣಿ. ಅದು ನಮಗೆ ತುಂಬಾ ಉಪಯುಕ್ತವಾಗಿದೆ."

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ದಂಡೆಯ ಊರಿನ ಆರನೇ ತರಗತಿಯ ಮಗುವಿಗೆ ಬಳಚಿನ ಬಗ್ಗೆ, ಮರಳೊಳಗೆ ಸಿಗುವ ಆ ಚಿಪ್ಪುಮೀನಿನ ಬಗ್ಗೆ ಬರಿ ಅಂದರೆ ಮೊದಲು ಬರುವುದು ಇಂಥ ಸಾಲೇ. ಇಳಿತದ ಹೊತ್ತಿಗೆ ಅಮ್ಮನ ಹಿಂದೆ ಬುಟ್ಟಿ ಹಿಡಿದು ನೀರಿಗಿಳಿಯುವ ಮಗು ಅದು. ಗೊತ್ತಿಲ್ಲದೆ ಹೀಗೆ ಬರೆದದ್ದಲ್ಲ. ಓದುವವರು ಅಕ್ಕೋರು, ಅಂದರೆ ಟೀಚರು ಒಬ್ಬರೇ, ಅವರಿಗೆ ಬೇಕಾದದ್ದು ಸರಿಯುತ್ತರ ಎಂದು ತಿಳಿದು ಬರೆದದ್ದು. ಅದೇ ಬರಹವನ್ನು ಮುಂಬಯಿಯಲ್ಲಿರುವ ಮಾವ ಓದುತ್ತಾನೆ, ಘಟ್ಟದ ಮೇಲಿನ ಶಿರಸಿ ಕಡೆಯ ಮಕ್ಕಳು ಓದುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಬಳಚನ್ನೇ ಕಂಡಿಲ್ಲ ಎಂದು ಗೊತ್ತಾದಾಗ ಮಗುವಿನ ಮಾತು ಬದಲಾಗುತ್ತದೆ. ತರಗತಿಗೆ ಬ್ಲಾಗ್ ಬೇಕಾಗುವುದು ಇಷ್ಟಕ್ಕೇ. ಕಂಪ್ಯೂಟರ್ ಕಲಿಸುವುದಕ್ಕಲ್ಲ, ಶಾಲೆಯ ಪ್ರಚಾರಕ್ಕಂತೂ ಖಂಡಿತ ಅಲ್ಲ.

ಶುರುಮಾಡಲು ಕಾಸು ಬೇಡ. ಗೂಗಲ್‌ನ ಬ್ಲಾಗರ್ ಉಚಿತ. ಆದರೆ ಖಾತೆಯನ್ನು ಮಾಸ್ತರರ ಸ್ವಂತ ಜಿಮೇಲ್‌ನಿಂದ ತೆರೆಯಬಾರದು. ಶಾಲೆಯ ಹೆಸರಲ್ಲೇ ಹೊಸ ಖಾತೆ ಮಾಡಿ, ಪಾಸ್‌ವರ್ಡನ್ನು ಮುಖ್ಯ ಶಿಕ್ಷಕರ ಹತ್ತಿರವೂ ಇಡಬೇಕು. ವರ್ಗಾವಣೆ ಆದಾಗ ಬ್ಲಾಗ್ ಮಾಸ್ತರರ ಜೊತೆ ಬೇರೆ ತಾಲೂಕಿಗೆ ಹೋಗಿ, ಊರಿನ ಮಕ್ಕಳ ಬರಹಕ್ಕೆ ಬೀಗ ಬೀಳುವುದು ಹೀಗೇ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದೂ ನೆನಪಿರಲಿ.

ಸೆಟ್ಟಿಂಗ್ಸ್‌ನಲ್ಲಿ ಮೊದಲ ದಿನವೇ ಮೂರು ಕಡೆ ಕೈಹಾಕಬೇಕು. ಹುಡುಕುತಾಣಗಳಿಗೆ ಕಾಣುವ ಸ್ವಿಚ್ಚನ್ನು ಆರಿಸುವುದು. ಓದುಗರ ಪ್ರತಿಕ್ರಿಯೆ ಶಿಕ್ಷಕರ ಒಪ್ಪಿಗೆ ಇಲ್ಲದೆ ಪ್ರಕಟವಾಗದಂತೆ ಮಾಡುವುದು. ಯಾರು ಓದಬಹುದು ಎಂಬುದನ್ನು ತೀರ್ಮಾನಿಸುವುದು. ಆಹ್ವಾನ ಇದ್ದವರಿಗೆ ಮಾತ್ರ ಎಂದು ಇಟ್ಟರೆ ಪ್ರತಿ ಓದುಗರೂ ಲಾಗಿನ್ ಆಗಬೇಕು. ಅದು ಹಳ್ಳಿಯ ಪಾಲಕರಿಗೆ ಆಗುವ ಕೆಲಸವಲ್ಲ. ಅದಕ್ಕೆ ಬ್ಲಾಗನ್ನು ತೆರೆದಿಟ್ಟು, ಹುಡುಕುತಾಣದಿಂದ ಮರೆಮಾಡಿ, ಲಿಂಕನ್ನು ಪಾಲಕರ ವಾಟ್ಸಾಪ್ ಗುಂಪಿಗೆ ಕಳಿಸುವುದೇ ನನ್ನ ಪ್ರಕಾರ ಸರಿ. ಆದರೆ ಲಿಂಕ್ ಕೈಯಿಂದ ಕೈಗೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು ಎಂದುಕೊಂಡೇ ಬರೆಸಬೇಕು.

ಹಾಗಾಗಿ ಮಗುವಿನ ಪೂರ್ತಿ ಹೆಸರು, ಮುಖದ ಫೋಟೋ, ಮನೆಯ ಗುರುತು ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ಜೂನ್‌ನ ಪಾಲಕರ ಸಭೆಯಲ್ಲೇ ಬ್ಲಾಗನ್ನು ತೆರೆದು ತೋರಿಸಿ, ಒಂದು ಹಾಳೆಯಲ್ಲಿ ಸಹಿ ತೆಗೆದುಕೊಳ್ಳುವುದು ಒಳ್ಳೆಯದು. ಮಕ್ಕಳು ತಮಗೆ ತಾವೇ ಒಂದು ಅಂಕಿತ ಆರಿಸಿಕೊಳ್ಳಲಿ: ಸುರಗಿ, ಬೆಳ್ಳಕ್ಕಿ, ಕಾಂಡ್ಲಾ. ಊರಿನ ಗಿಡ, ಹಕ್ಕಿಗಳ ಹೆಸರು ಬೇಕಾದಷ್ಟಿವೆ.

ಇನ್ನು ಬರೆಸುವ ಕೆಲಸ. 30 ಮಕ್ಕಳ ತರಗತಿಯಾದರೆ ಐದೈದು ಮಂದಿಯ ಆರು ತಂಡ ಮಾಡಬೇಕು, ವಾರಕ್ಕೆ ಒಂದೇ ತಂಡ, ಒಂದೇ ಬರಹ. 120ರಿಂದ 150 ಪದ ಸಾಕು. ಸೋಮವಾರ ವಿಷಯ, ಬುಧವಾರ ಕರಡು, ಗುರುವಾರ ಬೇರೆ ತಂಡದವರ ಓದು, ಶುಕ್ರವಾರ ಟೈಪಿಂಗ್, ಶನಿವಾರದ ಅರ್ಧ ದಿನದಲ್ಲಿ ಪ್ರಕಟಣೆ. ಎಲ್ಲರದ್ದೂ ಎಲ್ಲವೂ ಪ್ರತಿ ವಾರ ಬರಲಿ ಎಂದು ಹೊರಟ ಬ್ಲಾಗುಗಳು ಆಗಸ್ಟ್ ದಾಟುವುದಿಲ್ಲ. ಟೈಪಿಂಗ್ ಅಷ್ಟೂ ಶಿಕ್ಷಕರ ಮೈಮೇಲೆ ಬೀಳುತ್ತದೆ, ಚೌತಿ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ.

ಗುರುವಾರದ ಓದು ಈ ಕೆಲಸದ ಜೀವಾಳ. ಆ ದಿನ ತಿದ್ದುವುದಿಲ್ಲ, ಪ್ರಶ್ನೆ ಮಾತ್ರ ಕೇಳುವುದು. ಬಳಚಿನ ಆ ಎರಡು ಸಾಲನ್ನೇ ತೆಗೆದುಕೊಳ್ಳಿ. ಯಾವ ಹೊತ್ತಿಗೆ ಹೋಗುತ್ತಾರೆ? ನೀರು ಎಲ್ಲಿಯ ತನಕ ಇರುತ್ತದೆ? ಮರಳೊಳಗಿನ ಬಳಚು ಕಣ್ಣಿಗೆ ಕಾಣುತ್ತದೆಯೇ, ಕಾಲಿಗೆ ಸಿಗುತ್ತದೆಯೇ? ಮನೆಗೆ ತಂದ ಕೂಡಲೇ ಏನು ಮಾಡುತ್ತಾರೆ? ಉತ್ತರವನ್ನು ಮಗು ಬಾಯಲ್ಲಿ ಹೇಳುತ್ತದೆ, ಹೇಳಿದ್ದನ್ನು ಹಾಗೇ ಬರೆ ಅಂದರೆ ಸಾಲು ಹೀಗಾಗುತ್ತದೆ:

"ಇಳಿತ ಬಂದ ಮೇಲೆ ಹೋಗ್ಬೇಕು. ನೀರು ಮೊಣಕಾಲಿನ ತನಕ ಇರ್ತದೆ. ಮರಳು ಮೆಟ್ಟಿದಾಗ ಕಾಲಿಗೆ ಗಟ್ಟಿ ಸಿಕ್ಕಿದ್ರೆ ಅದೇ ಬಳಚು. ತಂದು ನೀರಲ್ಲಿ ಹಾಕಿಡ್ಬೇಕು, ಇಲ್ದಿದ್ರೆ ಸುಕ್ಕ ತಿನ್ನುವಾಗ ಹಲ್ಲಿಗೆ ಮರಳು ಸಿಗ್ತದೆ."

ಇದು ಪಾಠದ ಟಿಪ್ಪಣಿಯಲ್ಲಿ ಸಿಗುವ ಮಾತಲ್ಲ. ಇಲ್ಲಿ ಅಕ್ಕೋರು ತಿದ್ದಬೇಕಾದದ್ದು ಕಾಗುಣಿತ, ಒತ್ತಕ್ಷರ, ಪೂರ್ಣವಿರಾಮ ಅಷ್ಟೇ. 'ಇರ್ತದೆ'ಯನ್ನು 'ಇರುತ್ತದೆ' ಮಾಡಲು ಕೆಂಪು ಪೆನ್ನು ಎತ್ತಿದರೆ ಮುಂದಿನ ವಾರ ಮತ್ತೆ 'ಉಪಯುಕ್ತವಾಗಿದೆ' ಬರುತ್ತದೆ. ನಮ್ಮ ಜಿಲ್ಲೆಯ ತರಗತಿಯಲ್ಲಿ ಹವಿಗನ್ನಡ, ಕೊಂಕಣಿ, ನವಾಯತಿ, ಹಾಲಕ್ಕಿಗಳ ಕನ್ನಡ ಎಲ್ಲ ಒಟ್ಟಿಗೆ ಕುಳಿತಿರುತ್ತವೆ. ಮನೆಮಾತಿನ ಪದ ಬಂದಲ್ಲಿ ಅರ್ಥವನ್ನು ಅದೇ ವಾಕ್ಯದಲ್ಲಿ ಬಿಡಿಸಿ ಹೇಳಲು ಕಲಿಸಿದರೆ ಸಾಕು. ಪರೀಕ್ಷೆಯ ಭಾಷೆ ಬೇರೆ, ಅದಕ್ಕೆ ಬೇರೆ ಅವಧಿ ಇದೆ.

ವಿಷಯಕ್ಕೆ ಬರವಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ, ಬಲೆ ರಿಪೇರಿಯ ಕಾಲ. ನೂಲಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ. ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ. ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. ಘಟ್ಟದ ಮೇಲಿನವರಿಗೆ ಅಡಿಕೆ ಕೊಯ್ಲು, ಅಪ್ಪೆಮಿಡಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆ. ಕಾರವಾರ ಮತ್ತು ಶಿರಸಿ ಎಂದು ನಮ್ಮದು ಎರಡು ಶೈಕ್ಷಣಿಕ ಜಿಲ್ಲೆ. ಕೆಳಗಿನದೊಂದು ಶಾಲೆ, ಮೇಲಿನದೊಂದು ಶಾಲೆ ಜೋಡಿಯಾಗಿ ಒಬ್ಬರದನ್ನೊಬ್ಬರು ಓದಿ ಎರಡೆರಡು ಪ್ರಶ್ನೆ ಕಳಿಸಿದರೆ ಅದಕ್ಕಿಂತ ಒಳ್ಳೆಯ ಓದುಗರು ಬೇಕಿಲ್ಲ. ಮಿಡಿಯ ಸೊನೆ ಕೈಗೆ ತಾಗಿದರೆ ಏನಾಗುತ್ತದೆ ಎಂದು ಅಂಕೋಲೆಯ ಮಗು ಕೇಳಲಿ.

ಟೈಪಿಂಗ್‌ನಲ್ಲಿ ಎಡವುವ ಜಾಗಗಳು ಕೆಲವಿವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತವನ್ನು ಬ್ಲಾಗಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದಂಥವು, ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಸಂಕೇತ, ಮಾಡಿಕೊಳ್ಳಬೇಕು, ಆಮೇಲೆ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಬೇಕು. ಹೊಸದಾಗಿ ಬರೆಯುವುದನ್ನು ಯುನಿಕೋಡ್‌ನಲ್ಲೇ ಬರೆದರೆ ಈ ಪಾಡಿಲ್ಲ. ಇನ್ನೊಂದು ಸೊನ್ನೆಯದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದರೆ ತೆರೆಯ ಮೇಲೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಆದರೆ ಆಮೇಲೆ ಬ್ಲಾಗಿನಲ್ಲಿ 'ಅಂಕೋಲಾ' ಎಂದು ಹುಡುಕಿದರೆ ಆ ಬರಹ ಸಿಗುವುದಿಲ್ಲ. ಫೋನಿನಲ್ಲಿ ಮಾತಾಡಿ ಬರೆಸುವುದು ಬೇಗ ಮುಗಿಯುತ್ತದೆ, ಆದರೆ 'ಬಳಚು' ಹೋಗಿ 'ಬಳಸು' ಆಗುವಂಥ ತಪ್ಪು ಸಹಜ, ವಿರಾಮಚಿಹ್ನೆಗಳನ್ನೂ ಕೈಯಿಂದಲೇ ಹಾಕಬೇಕಾಗಬಹುದು. ಹೇಳಿದವರು ಒಬ್ಬರು, ತಿದ್ದುವವರು ಇನ್ನೊಬ್ಬರಾದರೆ ತಪ್ಪು ಕಣ್ಣಿಗೆ ಬೀಳುತ್ತದೆ.

ಫೋಟೋ ಹಾಕುವ ಮುಂಚೆ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ. ಫೋನಿನ ಮೂರು ನಾಲ್ಕು ಎಂಬಿಯ ಚಿತ್ರ ಮಳೆಗಾಲದ ನೆಟ್‌ವರ್ಕಿನಲ್ಲಿ ಮೇಲೇರುವುದೂ ಇಲ್ಲ, ಓದುವವರ ಫೋನಿಗೆ ಇಳಿಯುವುದೂ ಇಲ್ಲ. ಕ್ಯಾಮೆರಾದಲ್ಲಿ ಸ್ಥಳದ ಗುರುತು ಆರಿಸಿರಬೇಕು. ಮಕ್ಕಳ ಕೈಬರಹದ ಹಾಳೆಯನ್ನು ಫ್ಲ್ಯಾಶ್ ಇಲ್ಲದೆ, ಕಿಟಕಿಯ ಪಕ್ಕದ ಬೆಳಕಲ್ಲಿ, ಫೋನನ್ನು ಹಾಳೆಗೆ ಸಮಾನಾಂತರ ಹಿಡಿದು ತೆಗೆಯಿರಿ. ಪೆನ್ಸಿಲ್ ಬರಹ ಮಸುಕಾಗುತ್ತದೆ, ನೀಲಿ ಬಾಲ್‌ಪೆನ್ ಒಳ್ಳೆಯದು. ಜುಲೈಯಲ್ಲಿ ಕರೆಂಟು ವಾರಗಟ್ಟಲೆ ಕೈಕೊಡಬಹುದು, ಆಗ ಕರಡುಗಳು ನೋಟ್‌ಬುಕ್ಕಿನಲ್ಲೇ ಇರಲಿ. ಬ್ಲಾಗರ್‌ನಲ್ಲಿ ಪ್ರಕಟಣೆಯ ದಿನಾಂಕ ಮೊದಲೇ ಹಾಕಿಡಬಹುದು, ಕರೆಂಟು ಬಂದ ದಿನ ಮೂರು ಬರಹ ಸೇರಿಸಿ ಮೂರು ಶನಿವಾರಕ್ಕೆ ಹಂಚಿಬಿಡಿ.

ಶಿಕ್ಷಕರ ಸ್ವಂತ ಬ್ಲಾಗ್ ಬೇರೆಯೇ ಇರಬೇಕು, ಬೇರೆ ಖಾತೆಯಲ್ಲಿ. ಅದರಲ್ಲಿ ತೋಟ, ಅಡುಗೆ, ಯಕ್ಷಗಾನ, ಓದಿದ ಪುಸ್ತಕ ಏನು ಬೇಕಾದರೂ ಬರಲಿ. ಪಾಠದ ಅನುಭವವೂ ಬರಲಿ, ಭಿನ್ನರಾಶಿ ಕಲಿಸುವಾಗ ಮಕ್ಕಳು ಎಲ್ಲಿ ಎಡವಿದರು ಎಂಬುದು ಇನ್ನೊಬ್ಬ ಶಿಕ್ಷಕರಿಗೆ ತುಂಬ ಬೇಕಾದ ಮಾಹಿತಿ. ಆದರೆ ಮಗುವಿನ ಹೆಸರು ಬಿಟ್ಟರೆ ಸಾಲದು. "ಐದನೇ ತರಗತಿಯ, ಎಡಗೈಯಲ್ಲಿ ಬರೆಯುವ, ಅಪ್ಪ ಬೋಟಿಗೆ ಹೋಗುವ ಹುಡುಗಿ" ಎಂದರೆ ಇಡೀ ಕೇರಿಗೆ ಅವಳು ಯಾರೆಂದು ಗೊತ್ತು. ಮಗು ದೊಡ್ಡವಳಾಗಿ ಓದಿದರೂ ನೋಯದಂತೆ ಬರೆಯಲು ಆಗದಿದ್ದರೆ ಅದು ದಿನಚರಿಯಲ್ಲೇ ಇರಲಿ. ಸರಕಾರಿ ಶಿಕ್ಷಕರಿಗೆ ನಡತೆ ನಿಯಮಗಳೂ ಇವೆ, ಸರಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸುವಂತಿಲ್ಲ. ಅವನ್ನು ಒಮ್ಮೆ ಓದಿಯೇ ಶುರುಮಾಡಬೇಕು.

ಮಾರ್ಚ್ ಕೊನೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಂಡು ಶಾಲೆಯ ಪೆನ್‌ಡ್ರೈವ್‌ನಲ್ಲಿಡಿ. ಚಿತ್ರಗಳನ್ನು ಬೇರೆಯಾಗಿಯೂ ಉಳಿಸಬೇಕು. ಫೋನಿಲ್ಲದ ಮನೆಗಳಿಗೆ ವರ್ಷದ ಬರಹಗಳನ್ನು ಎ4 ಹಾಳೆಯ ಎರಡೂ ಬದಿಗೆ ಮುದ್ರಿಸಿ, ನಡುವೆ ಮಡಿಸಿ, ಎರಡು ಪಿನ್ ಹೊಡೆದು ಪುಸ್ತಿಕೆ ಮಾಡಬಹುದು. ಒಂದು ಹಾಳೆಗೆ ನಾಲ್ಕು ಪುಟ, ವರ್ಷಕ್ಕೆ 28 ಬರಹವಾದರೆ ಪುಟಕ್ಕೊಂದರಂತೆ ಏಳು ಹಾಳೆ, ರಕ್ಷಾಪುಟಕ್ಕೆ ಇನ್ನೊಂದು. ಒಂದು ಪ್ರತಿ ಶಾಲೆಯ ಗ್ರಂಥಾಲಯಕ್ಕೆ, ಪ್ಲಾಸ್ಟಿಕ್ ಕವರಿನೊಳಗೆ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ.