ಕಫ ಕೊಡಲಾರದ ಮಗುವಿನಲ್ಲಿ ಟಿಬಿ ಹುಡುಕುವುದು

ಲ್ಯಾಬಿನಿಂದ ‘ಎಂಟಿಬಿ ನಾಟ್ ಡಿಟೆಕ್ಟೆಡ್’ (ಟಿಬಿ ರೋಗಾಣು ಸಿಗಲಿಲ್ಲ) ಎಂದು ಬಂದ ಕೂಡಲೇ ಮಗುವಿನ ಫೈಲ್ ಮುಚ್ಚುವ ಅಭ್ಯಾಸ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಇನ್ನೂ ಹೋಗಿಲ್ಲ. ದೊಡ್ಡವರ ಟಿಬಿ ನೋಡಿ ಬೆಳೆದ ಅಭ್ಯಾಸ ಅದು. ಐದು ವರ್ಷದೊಳಗಿನ ಮಗುವಿನ ಶ್ವಾಸಕೋಶದಲ್ಲಿ ಕುಳಿ ಬೀಳುವುದು ಅಪರೂಪ, ರೋಗಾಣುಗಳೂ ಕಡಿಮೆ. ಇದ್ದಷ್ಟು ಕಫವನ್ನೂ ಮಗು ನುಂಗಿಬಿಡುತ್ತದೆ. ಹಾಗಾಗಿ ನೆಗೆಟಿವ್ ಎಂದರೆ ಆ ಮಾದರಿಯಲ್ಲಿ ಸಿಗಲಿಲ್ಲ, ಅಷ್ಟೇ.

ಎರಡು ವಾರ ದಾಟಿದ ಜ್ವರ ಅಥವಾ ಕೆಮ್ಮು, ಮೂರು ತಿಂಗಳಲ್ಲಿ ತೂಕ ಏರದಿರುವುದು ಅಥವಾ ಶೇ. 5ರಷ್ಟು ಇಳಿದಿರುವುದು, ಕಳೆದ ಎರಡು ವರ್ಷಗಳಲ್ಲಿ ಟಿಬಿ ರೋಗಿಯ ಒಡನಾಟ: ಅನುಮಾನ ಶುರುವಾಗುವುದು ಇಲ್ಲಿಂದ. ಹತ್ತು ಕೆ.ಜಿ. ಮಗುವಿಗೆ ಶೇ. 5 ಅಂದರೆ ಬರೀ ಅರ್ಧ ಕೆ.ಜಿ. ಅಂಗನವಾಡಿಯ ತೂಗುತಕ್ಕಡಿಯಲ್ಲಿ ಒಮ್ಮೆ, ಪಿಎಚ್‌ಸಿಯ ಯಂತ್ರದಲ್ಲಿ ಸ್ವೆಟರ್ ಸಮೇತ ಇನ್ನೊಮ್ಮೆ ತೂಗಿದರೆ ಆ ಅರ್ಧ ಕೆ.ಜಿ. ಎಲ್ಲೋ ಕಳೆದುಹೋಗುತ್ತದೆ. ಒಂದೇ ಯಂತ್ರ ಇರಲಿ, ಸೊನ್ನೆಗೆ ಬಂದಿದೆಯೇ ನೋಡಿ, ಬಟ್ಟೆ ಬಿಚ್ಚಿ ತೂಗಿ, 100 ಗ್ರಾಂವರೆಗೆ ಬರೆಯಿರಿ. ತಾಯಿ ಕಾರ್ಡಿನ ಹಳೆಯ ಬರಹ ತೆಗೆದು ನೋಡದೆ ಯಾವ ತೀರ್ಮಾನವೂ ಬೇಡ.

ಒಡನಾಟದ ಪ್ರಶ್ನೆ ಕೇಳುವುದಕ್ಕೂ ಒಂದು ರೀತಿ ಇದೆ. “ಮನೇಲಿ ಯಾರಿಗಾದ್ರೂ ಟಿಬಿ ಇದೆಯಾ?” ಎಂದರೆ ಇಲ್ಲ ಎಂಬ ಉತ್ತರ ಮೊದಲೇ ಸಿದ್ಧ. “ಯಾರಾದ್ರೂ ಆರು ತಿಂಗಳು ಮಾತ್ರೆ ತಗೊಂಡಿದ್ರಾ? ಯಾರಿಗಾದ್ರೂ ಕೆಮ್ಮು ಬಿಡದೆ ಇದೆಯಾ?” ಎಂದು ಕೇಳಿ. ಜಗಲಿಯಲ್ಲಿ ಮಲಗುವ ತಾತ, ಗುಳೆ ಹೋಗಿ ಬಂದ ಚಿಕ್ಕಪ್ಪ, ಮಗುವನ್ನು ಎತ್ತಿಕೊಳ್ಳುವ ಪಕ್ಕದ ಮನೆಯವರು, ಎಲ್ಲರೂ ಲೆಕ್ಕಕ್ಕೆ.

ಇನ್ನು ಮಾದರಿ. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. ರಾತ್ರಿಯೆಲ್ಲ ನುಂಗಿದ ಕಫ ಬೆಳಗಿನ ಜಾವ ಹೊಟ್ಟೆಯಲ್ಲಿರುತ್ತದೆ. ಮಗು ಎದ್ದು ಓಡಾಡಿದರೆ, ಏನಾದರೂ ಕುಡಿದರೆ ಅದು ಕರುಳಿಗೆ ಇಳಿಯುತ್ತದೆ. ಬೆಳಗ್ಗೆ ಬಸ್ಸಿಳಿದು, ಚಹಾ ಬಿಸ್ಕತ್ತು ತಿಂದು ಬಂದ ಮಗುವಿಗೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕುವುದು ಬರೀ ಹಿಂಸೆ. ಹಿಂದಿನ ರಾತ್ರಿಯೇ ದಾಖಲು ಮಾಡಿ, ಕನಿಷ್ಠ ನಾಲ್ಕು ಗಂಟೆ ಹೊಟ್ಟೆ ಖಾಲಿ ಇರಲಿ, ಹಾಸಿಗೆಯಲ್ಲಿರುವಾಗಲೇ ನಳಿಕೆ ಹಾಕಿ. ಮೊದಲು ಏನೂ ಸೇರಿಸದೆ ಸಿರಿಂಜಿನಲ್ಲಿ ಎಳೆಯಿರಿ. 5ರಿಂದ 10 ಎಂ.ಎಲ್. ಬಂದರೆ ಸಾಕು. ಬರದಿದ್ದರೆ ನಳಿಕೆ ಹೊಟ್ಟೆಯಲ್ಲೇ ಇದೆಯೆಂದು ಖಚಿತಪಡಿಸಿಕೊಂಡು 10 ಎಂ.ಎಲ್. ಸಲೈನ್ ಬಿಟ್ಟು, ಒಂದೆರಡು ನಿಮಿಷದ ನಂತರ ಮತ್ತೆ ಎಳೆಯಿರಿ. ಮಾದರಿ ನಾಲ್ಕು ಗಂಟೆಯೊಳಗೆ ಲ್ಯಾಬ್ ಮುಟ್ಟದು ಎನಿಸಿದರೆ ಸಮಪ್ರಮಾಣದ ಸೋಡಿಯಂ ಬೈಕಾರ್ಬನೇಟ್ ದ್ರಾವಣ ಸೇರಿಸಬೇಕು. ಇಲ್ಲದಿದ್ದರೆ ಜಠರದ ಆಮ್ಲವೇ ರೋಗಾಣುಗಳನ್ನು ಕೊಲ್ಲುತ್ತದೆ, ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸುವ ಪರೀಕ್ಷೆಯಲ್ಲಿ) ಏನೂ ಬೆಳೆಯುವುದಿಲ್ಲ.

ನಳಿಕೆ ಹಾಕುವವರಿಲ್ಲದ ಕಡೆ ಮಲ ಪರೀಕ್ಷೆ ಇದೆ. ನುಂಗಿದ ಕಫ ಕೊನೆಗೆ ಅಲ್ಲಿಗೇ ಬರಬೇಕಲ್ಲ. 0.8 ಗ್ರಾಂ, ಅಂದರೆ ಸಣ್ಣ ಹುರುಳಿಕಾಯಿ ಬೀಜದಷ್ಟು ಮಲವನ್ನು ಜೀನ್‌ಎಕ್ಸ್‌ಪರ್ಟ್‌ನ (ರೋಗಾಣುವಿನ ಡಿಎನ್‌ಎ ಹುಡುಕುವ ಯಂತ್ರದ) 8 ಎಂ.ಎಲ್. ರಿಯೇಜೆಂಟ್ ಬಾಟಲಿಗೇ ಹಾಕಿ, 30 ಸೆಕೆಂಡು ಅಲುಗಿಸಿ, 10 ನಿಮಿಷ ಬಿಡಿ. ಇನ್ನೊಮ್ಮೆ ಹಾಗೇ ಮಾಡಿ. ಮೇಲಿನ ತಿಳಿಯಿಂದ 2 ಎಂ.ಎಲ್. ಕಾರ್ಟ್ರಿಡ್ಜ್‌ಗೆ. ‘ಜಾಸ್ತಿ ಹಾಕಿದರೆ ಜಾಸ್ತಿ ಸಿಗುತ್ತದೆ’ ಎಂದುಕೊಂಡರೆ ಕೆಟ್ಟಿತು, ಚೂರುಗಳು ಹೋಗಿ ಎರರ್ ಬರುತ್ತದೆ, ಕಾರ್ಟ್ರಿಡ್ಜ್ ದಂಡ. ಇದು ಜೀನ್‌ಎಕ್ಸ್‌ಪರ್ಟ್‌ಗೆ ರೂಪಿಸಿದ ವಿಧಾನ, ಅದೇ ಬಗೆಯ ಇನ್ನೊಂದು ಯಂತ್ರವಾದ ಟ್ರೂನಾಟ್‌ಗೆ ಹಾಗೇ ಒಗ್ಗಿಸಲು ಹೋಗಬೇಡಿ. ಜೀನ್‌ಎಕ್ಸ್‌ಪರ್ಟ್‌ನ ಅಲ್ಟ್ರಾ ಕಾರ್ಟ್ರಿಡ್ಜ್‌ನಲ್ಲಿ ‘ಟ್ರೇಸ್’ (ಅತ್ಯಲ್ಪ) ಎಂದು ಬಂದರೆ ಮಕ್ಕಳಲ್ಲಿ ಅದು ಪಾಸಿಟಿವ್ ಎಂದೇ ಅರ್ಥ.

ಮ್ಯಾಂಟೂ ಚರ್ಮ ಪರೀಕ್ಷೆಯನ್ನು 48ರಿಂದ 72 ಗಂಟೆಯೊಳಗೆ ಓದಬೇಕು, ಕೆಂಪನ್ನಲ್ಲ, ಗಟ್ಟಿಯಾದ ಭಾಗವನ್ನು ಅಳೆಯಬೇಕು. ಎರಡನೇ ಶನಿವಾರಕ್ಕೆ ಮುಂಚಿನ ಗುರುವಾರ ಹಾಕಿ ಕಳಿಸಿದರೆ ಓದುವವರು ಯಾರು? 10 ಮಿ.ಮೀ. ಇದ್ದರೆ ಪಾಸಿಟಿವ್, ಎಚ್‌ಐವಿ ಇದ್ದ ಮಗುವಿಗೆ 5. ತೀರಾ ಬಡಕಲಾದ ಅಥವಾ ಈಚೆಗೆ ದಡಾರ ಆದ ಮಗುವಿನಲ್ಲಿ ಸೊನ್ನೆ ಬಂದರೂ ಟಿಬಿ ಇರಬಹುದು. ಎಕ್ಸ್‌ರೇಯಲ್ಲಿ ನೋಡಬೇಕಾದದ್ದು ಹೈಲಾರ್ (ಶ್ವಾಸಕೋಶದ ಬುಡದ) ಗ್ರಂಥಿಗಳನ್ನು. ಮಗು ಅಳುತ್ತಾ ತಿರುಗಿದ ಫಿಲ್ಮ್ ಬೇಡ. ಎರಡು ವರ್ಷದೊಳಗಿನವರ ಎದೆಯಲ್ಲಿ ಸಹಜವಾಗಿಯೇ ಇರುವ ಥೈಮಸ್ ಅನ್ನು ಊದಿದ ಗ್ರಂಥಿ ಎಂದು ಓದುವವರೂ ಇದ್ದಾರೆ.

ಆ್ಯಂಟಿಬಯಾಟಿಕ್ ಕೊಟ್ಟು ನೋಡುವುದಾದರೆ ಅಮಾಕ್ಸಿಸಿಲಿನ್ ಸರಿ. ಲಿವೊಫ್ಲಾಕ್ಸಸಿನ್, ಅಮಿಕಾಸಿನ್, ಲಿನೆಜೊಲಿಡ್ ಟಿಬಿ ರೋಗಾಣುವಿಗೂ ತಾಗುತ್ತವೆ. ಮಗು ನಾಲ್ಕು ದಿನ ಚೇತರಿಸಿಕೊಂಡಂತೆ ಕಂಡು ರೋಗ ಮರೆಯಾಗುತ್ತದೆ.

ಚಿಕಿತ್ಸೆ ಶುರುವಾದ ಮೇಲೂ ನಂಬಬೇಕಾದ್ದು ಅದೇ ತೂಕವನ್ನು. 4–7 ಕೆ.ಜಿ.ಗೆ ಒಂದು ಮಕ್ಕಳ ಎಫ್‌ಡಿಸಿ (ಹಲವು ಔಷಧ ಸೇರಿದ) ಮಾತ್ರೆ, 8–11ಕ್ಕೆ ಎರಡು, 12–15ಕ್ಕೆ ಮೂರು, 16–24ಕ್ಕೆ ನಾಲ್ಕು; 100 ಮಿ.ಗ್ರಾಂ. ಎಥಾಂಬ್ಯುಟಾಲ್ ಕೂಡ ಅಷ್ಟೇ ಸಂಖ್ಯೆಯಲ್ಲಿ. ಗುಣವಾಗುತ್ತಿರುವ ಮಗುವಿನ ತೂಕ ಏರುತ್ತದೆ, ತೂಕದ ಬ್ಯಾಂಡ್ ಬದಲಾಗುತ್ತದೆ, ಡೋಸ್ ಮಾತ್ರ ಮೊದಲ ದಿನದ್ದೇ ಉಳಿದಿರುತ್ತದೆ. ಪ್ರತಿ ತಿಂಗಳು ತೂಗಿದ ಕೂಡಲೇ ಚಾರ್ಟ್ ಜೊತೆ ಹೋಲಿಸಿ. ಮಾತ್ರೆಯಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುವುದನ್ನು ತಾಯಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ಮಾತ್ರೆ ಹೊಟ್ಟೆ ಸೇರಿದೆಯೇ ಎಂಬುದಕ್ಕೂ ಆ ಬಣ್ಣವೇ ಅಗ್ಗದ ಸಾಕ್ಷಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಔಷಧ ನಿಲ್ಲಿಸಿ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿ.

ಮೊದಲ ವಾರಗಳಲ್ಲಿ ಗ್ರಂಥಿ ಇನ್ನಷ್ಟು ಊದಬಹುದು. ಮಗು ಉಣ್ಣುತ್ತಾ ಆಡುತ್ತಾ ಇದ್ದರೆ ಅದಕ್ಕೆ ಔಷಧ ಬದಲಿಸಬೇಕಿಲ್ಲ. ಎರಡು ತಿಂಗಳಾದರೂ ಜ್ವರ ಬಿಡದೆ, ತೂಕ ನಿಂತಲ್ಲೇ ನಿಂತಿದ್ದರೆ ಮೊದಲು ಉಳಿದ ಮಾತ್ರೆಗಳನ್ನು ಎಣಿಸಿ, ಡೋಸ್ ನೋಡಿ, ಎಚ್‌ಐವಿ ಪರೀಕ್ಷೆ ಆಗಿದೆಯೇ ನೋಡಿ. ಆಮೇಲೆ ಔಷಧ ನಿರೋಧಕ ಟಿಬಿಯ ಯೋಚನೆ. ಮಗುವಿನಲ್ಲಿ ರೋಗಾಣು ಸಿಗದಿದ್ದಾಗ ಸೋಂಕು ಕೊಟ್ಟ ದೊಡ್ಡವರ ರಿಪೋರ್ಟೇ ಮಗುವಿನ ರಿಪೋರ್ಟ್: ತಾತನಿಗೆ ರಿಫಾಂಪಿಸಿನ್ ನಿರೋಧಕತೆ ಇದ್ದರೆ ಮೊಮ್ಮಗುವನ್ನು ಸಾಮಾನ್ಯ ಮಾತ್ರೆಗೆ ಹಾಕುವ ಮೊದಲೇ ಡಿಆರ್‌ಟಿಬಿ (ಔಷಧ ನಿರೋಧಕ ಟಿಬಿ) ಕೇಂದ್ರಕ್ಕೆ ಮಾತಾಡಬೇಕು.

ಸೋಂಕಿನ ಮೂಲ ಗೊತ್ತಿಲ್ಲದಿದ್ದರೆ, ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ) ಮಗುವಿನ ಹೆಸರು ಬರೆದ ವಾರದಲ್ಲೇ ಆಶಾ ಮತ್ತು ಎಸ್‌ಟಿಎಸ್ (ಟಿಬಿ ಚಿಕಿತ್ಸಾ ಮೇಲ್ವಿಚಾರಕರು) ಆ ಮನೆಗೆ ಹೋಗಬೇಕು. ದೊಡ್ಡವರ ಕಫ ಪರೀಕ್ಷೆಗೆ, ಐದು ವರ್ಷದೊಳಗಿನ ಉಳಿದ ಮಕ್ಕಳ ತಪಾಸಣೆಗೆ, ರೋಗವಿಲ್ಲ ಎಂದು ಖಚಿತವಾದವರಿಗೆ ತಡೆಗಟ್ಟುವ ಚಿಕಿತ್ಸೆಗೆ.