ಮೂರು ದೇಶ, ಒಂದು ವಾಲ್ವ್ ಬಾಡಿ

ಜರ್ಮನಿಯಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಭಾರತದಲ್ಲೂ ಜಪಾನಿನಲ್ಲೂ ಈ ಪದ್ಧತಿ ಇಲ್ಲ. ಹಾಗಾಗಿ ಅಲ್ಲಿಯವರೆಗೆ ಬೆಂಗಳೂರಿನ ಪೀಣ್ಯದಲ್ಲಿ ಹನ್ನೆರಡೂವರೆಗೆ ನಡೆಯುತ್ತಿದ್ದ ಜರ್ಮನಿಯವರ ಬೆಳಗಿನ ಒಂಬತ್ತು ಗಂಟೆಯ ಸಭೆ, ಮರುದಿನದಿಂದ ಒಂದೂವರೆಗೆ, ಸರಿಯಾಗಿ ನಮ್ಮ ಕಾರ್ಖಾನೆಯ ಊಟದ ಹೊತ್ತಿಗೆ ಬಂದು ಬೀಳುತ್ತದೆ. ಜಪಾನಿನಲ್ಲಿ ಆಗ ಸಂಜೆ ಐದು. ಒಬ್ಬರು ದಿನದ ಮೊದಲ ಕಾಫಿ ಹಿಡಿದು, ಇನ್ನೊಬ್ಬರು ದಿನದ ಕೆಲಸ ಮುಗಿಸುವ ಆತುರದಲ್ಲಿ, ನಾವು ಹಸಿದುಕೊಂಡು ಕೂರುವ ಈ ವೀಡಿಯೊ ಸಭೆಗಳಲ್ಲಿ ಒಂದು ಸೋಮವಾರದ ಸಭೆ ನನಗೆ ಚೆನ್ನಾಗಿ ನೆನಪಿದೆ.

ನಾನು ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಪ್ರಾಜೆಕ್ಟ್‌ಗಳ ಹೊಣೆ ಹೊತ್ತವಳು. ಆಗ ನಮ್ಮ ಕೈಯಲ್ಲಿದ್ದದ್ದು, ಯಂತ್ರದೊಳಗೆ ಎಣ್ಣೆಯ ಹರಿವನ್ನು ನಿಯಂತ್ರಿಸುವ ಹೈಡ್ರಾಲಿಕ್ ವಾಲ್ವ್ ಒಂದರ ಬಾಡಿ, ಅಂದರೆ ಹೊರಕವಚ. ವಿನ್ಯಾಸ ಜರ್ಮನಿಯದು, ಮೆಷಿನಿಂಗ್ ನಮ್ಮದು, ಅದನ್ನು ಯಂತ್ರಕ್ಕೆ ಜೋಡಿಸುವವರು ಜಪಾನಿನವರು. ಗಡಿಯಾಚೆಗಿನ ಕೆಲಸವೆಂದರೆ ಭಾಷೆಯ ತೊಡಕೇ ದೊಡ್ಡದು ಎಂದು ಹೊರಗಿನವರು ತಿಳಿದಿರುತ್ತಾರೆ. ಆದರೆ ಶಾಪ್ ಫ್ಲೋರ್‌ನಲ್ಲಿ ಮೊದಲು ಎದುರಾಗುವುದು ಡ್ರಾಯಿಂಗ್. ಜರ್ಮನಿಯ ಡ್ರಾಯಿಂಗ್‌ನಲ್ಲಿ ಒಂದು ಭಾಗವನ್ನು ಮೇಲಿನಿಂದ ನೋಡಿದ ನೋಟವನ್ನು ಮುಂಭಾಗದ ನೋಟದ ಕೆಳಗೆ ಬರೆದಿರುತ್ತಾರೆ. ನಮ್ಮಲ್ಲೂ ರೂಢಿ ಅದೇ. ಜಪಾನಿನಿಂದ ಬಂದ ಫಿಕ್ಸ್ಚರ್ (ಭಾಗವನ್ನು ಹಿಡಿದಿಡುವ ಸಾಧನ) ಡ್ರಾಯಿಂಗ್‌ನಲ್ಲಿ ಅದೇ ನೋಟ ಮೇಲೆ ಇರುತ್ತದೆ. ಅದಲುಬದಲಾಗಿ ಓದಿದರೆ ಎಡಬಲ ತಿರುಗಿದ ಬಿಡಿಭಾಗ ತಯಾರಾದೀತು. ಯಾವ ಪದ್ಧತಿಯೆಂದು ಹೇಳುವುದಕ್ಕೆ ಹಾಳೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಶಂಕುವಿನ ಪುಟ್ಟ ಗುರುತೊಂದು ಇರುತ್ತದೆ. ಹೊಸ ಡ್ರಾಯಿಂಗ್ ಬಂದ ಕೂಡಲೇ ನಮ್ಮ ಫೋರ್‌ಮನ್ ಮಾಡುವ ಮೊದಲ ಕೆಲಸ, ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಆ ಗುರುತಿನ ಸುತ್ತ ವೃತ್ತ ಹಾಕುವುದು. ಜರ್ಮನಿಯವರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುವುದರಿಂದ, ಆಮೇಲೆ ಅವರ ಹಾಳೆಯಲ್ಲಿ 0,05 ಎಂದಿರುವ ಕಡೆಗಳಲ್ಲೆಲ್ಲ ಅಲ್ಪವಿರಾಮದ ಮೇಲೆ ದಪ್ಪನೆಯ ಚುಕ್ಕಿ ಇಡುತ್ತಾರೆ.

ಈ ಫೋರ್‌ಮನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರ ತಂದೆ ಜಾಲಹಳ್ಳಿಯ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿಯಲ್ಲಿ ದುಡಿದವರು. 1953ರಲ್ಲಿ ಆ ಸಂಸ್ಥೆ ಶುರುವಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ಇವರು ಓದಿದ್ದು ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ಜಿಟಿಟಿಸಿ ಎಂಬ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ. ಬೆಂಗಳೂರು ಹೊರದೇಶದವರೊಂದಿಗೆ ಕೆಲಸ ಮಾಡಲು ಕಲಿತದ್ದು ಸಾಫ್ಟ್‌ವೇರ್ ಬಂದ ಮೇಲೆ ಎನ್ನುವವರನ್ನು ಇವರ ಮುಂದೆ ಕೂರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೂ ಇವರು ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಸಭೆ ಮುಗಿದು, ಗೇಟಿನ ಹೊರಗಿನ ಅಂಗಡಿಯಲ್ಲಿ ಟೀ ಲೋಟ ಕೈಗೆ ಬಂದ ಮೇಲೆ ನಿಜವಾದ ವಿಷಯ ಹೊರಬರುತ್ತಿತ್ತು.

ವಾಲ್ವ್ ಬಾಡಿಯ ತೊಂದರೆ ಗೊತ್ತಾದದ್ದೂ ಹಾಗೆಯೇ. ಮುಖ್ಯ ಬೋರ್‌ಗೆ, ಅಂದರೆ ಕೊರೆದ ದೊಡ್ಡ ರಂಧ್ರಕ್ಕೆ, ಅಡ್ಡಲಾಗಿ ಎಣ್ಣೆ ಹರಿಯುವ ತೂತೊಂದು ಬಂದು ಸೇರುತ್ತದೆ. ಸೇರುವ ಜಾಗದಲ್ಲಿ ಉಗುರಿನ ಚೂರಿನಂಥ ಬರ್, ಅಂದರೆ ಕೊರೆದಾಗ ಅಂಚಿಗೆ ಅಂಟಿಕೊಂಡ ಲೋಹದ ಸಿಬಿರು, ಉಳಿದರೆ, ಅದು ಎಂದೋ ಒಂದು ದಿನ ಕಳಚಿ ಎಣ್ಣೆಯೊಂದಿಗೆ ಸಾಗಿ, ಬೋರ್‌ನೊಳಗೆ ಓಡಾಡಿ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ಸ್ಪೂಲ್ ಎಂಬ ಸರಳನ್ನು ಕಚ್ಚಿ ನಿಲ್ಲಿಸುತ್ತದೆ. "ಮೇಡಂ, ಸ್ಯಾಂಪಲ್‌ಗೆ ಕೂತು ಕೈಯಲ್ಲಿ ಕೆರೆದು ಕೊಡ್ತೀವಿ. ತಿಂಗಳಿಗೆ ಸಾವಿರಗಟ್ಟಲೆ ಪೀಸ್ ಅಂದ್ರೆ ಆಗೋ ಮಾತಲ್ಲ. ಅಲ್ಲೊಂದು ಅರ್ಧ ಮಿಲಿಮೀಟರ್ ಗ್ರೂವ್ ಕೊಡಲಿ, ಬರ್ ಗ್ರೂವಲ್ಲೇ ಉಳಿಯುತ್ತೆ, ಸ್ಪೂಲಿಗೆ ತಾಗಲ್ಲ" ಎಂದರು. ಗ್ರೂವ್ ಅಂದರೆ ಬೋರ್‌ನ ಒಳಗೋಡೆಯಲ್ಲಿ ಕೊರೆಯುವ ತೋಡು. ಈ ಮಾತನ್ನು ಮ್ಯಾನೇಜರ್‌ಗೆ ಮುಟ್ಟಿಸಿದೆ. "ಕಸ್ಟಮರ್ ಮುಂದೆ ಆಗಲ್ಲ ಅನ್ನಬೇಡಿ, ನೋಡ್ಕೋತೀವಿ ಅನ್ನಿ" ಎಂದು ಅವರು ಅಲ್ಲಿಗೇ ಮುಗಿಸಿದರು. ಅವರದು ಕೆಟ್ಟ ಉದ್ದೇಶವೇನಲ್ಲ. ಆರ್ಡರ್ ಕೈತಪ್ಪಿದರೆ ಎಷ್ಟು ಯಂತ್ರಗಳು ಸುಮ್ಮನೆ ನಿಲ್ಲುತ್ತವೆ ಎಂಬ ಲೆಕ್ಕ ಅವರಿಗಿದ್ದಷ್ಟು ನನಗಿರಲಿಲ್ಲ. ಆದರೆ ಗ್ರೂವ್ ಬೇಕೆಂಬುದು ಗ್ರಾಹಕರಿಗೆ ಗೊತ್ತಾಗಲೇಬೇಕಿತ್ತು. ಕೊನೆಗೆ, ವರದಿಯಲ್ಲಿ ಅಳತೆಗಳನ್ನಷ್ಟೇ ಬರೆಯುತ್ತೇನೆ, "ಆಗುವುದಿಲ್ಲ" ಎಂಬ ಮಾತನ್ನು ಎಲ್ಲಿಯೂ ಸೇರಿಸುವುದಿಲ್ಲ ಎಂದು ಅವರನ್ನು ಒಪ್ಪಿಸಿದೆ.

ಸಭೆಗೆ ಮುಂಚೆಯೇ ಜಪಾನಿನ ಎಂಜಿನಿಯರ್‌ಗೆ ಬರ್‌ನ ಫೋಟೋಗಳನ್ನೂ ಗ್ರೂವ್‌ನ ಸ್ಕೆಚ್ಚನ್ನೂ ಕಳಿಸಿದೆ. ಅವರಲ್ಲಿ ಹೊಸ ವಿಷಯವನ್ನು ಎಲ್ಲರ ಮುಂದೆ ತಟ್ಟನೆ ಎತ್ತಿದರೆ ಒಪ್ಪಿಗೆಯೂ ಬರುವುದಿಲ್ಲ, ನಿರಾಕರಣೆಯೂ ಬರುವುದಿಲ್ಲ. ಮೌನ ಮಾತ್ರ ಬರುತ್ತದೆ. ಅವರು ತಮ್ಮ ಗುಣಮಟ್ಟ ವಿಭಾಗ, ಜೋಡಣೆ ವಿಭಾಗ, ಮೇಲಧಿಕಾರಿಗಳು ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿ, ಸಭೆಗೆ ಬರುವಷ್ಟರಲ್ಲಿ ಒಂದು ನಿಲುವಿಗೆ ಬಂದಿರುತ್ತಾರೆ. ಈ ಸಲವೂ ಹಾಗೆಯೇ ಆಯಿತು. ಸಭೆಯ ಹಿಂದಿನ ವಾರ ಅವರಿಂದ ಚಿಕ್ಕಚಿಕ್ಕ ಪ್ರಶ್ನೆಗಳು ಬರುತ್ತಲೇ ಇದ್ದವು. ಗ್ರೂವ್‌ನ ಅಂಚು ಎಷ್ಟು ಚೂಪು? ಎಣ್ಣೆಯ ಒತ್ತಡ ಬಿದ್ದಾಗ ಅಲ್ಲಿ ಬಿರುಕು ಬರುವ ಸಾಧ್ಯತೆ ಇದೆಯೇ? ತೊಳೆಯುವಾಗ ಕೊಳೆ ಅಲ್ಲಿ ನಿಲ್ಲುತ್ತದೆಯೇ? ಫೋರ್‌ಮನ್ ಒಂದು ಪೀಸನ್ನು ಉದ್ದುದ್ದ ಸೀಳಿಸಿ ಒಳಭಾಗದ ಫೋಟೋ ತೆಗೆಸಿ ಕೊಟ್ಟರು.

ಜರ್ಮನಿಯ ವಿನ್ಯಾಸಕರಿಗೂ ವರದಿ ಹೋಗಿತ್ತು. ಆದರೆ ಅದು ಸಭೆಯ ಮುನ್ನಾದಿನಗಳ ಮಾಮೂಲಿ ಕಡತಗಳೊಂದಿಗೆ ಹೋದದ್ದು. ಅವರ ಮಟ್ಟಿಗೆ ತಾಂತ್ರಿಕ ವಾದವಿವಾದ ನಡೆಯಬೇಕಾದದ್ದೇ ಸಭೆಯಲ್ಲಿ.

ಆ ಸೋಮವಾರ ಫೋರ್‌ಮನ್‌ರನ್ನು ಕ್ಯಾಮೆರಾದ ಮುಂದೆ ಕೂರಿಸಿದೆವು. ಇಂಗ್ಲಿಷ್‌ನಲ್ಲಿ ಮಾತಾಡುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರಿಂದ, ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷ್‌ಗೆ ತರುವುದೆಂದು ಗೊತ್ತುಮಾಡಿಕೊಂಡಿದ್ದೆವು. ಸೀಳಿದ ಪೀಸನ್ನು ಕೈಯಲ್ಲಿ ಹಿಡಿದು, ಪೆನ್ಸಿಲ್ ತುದಿಯಿಂದ ತೂತು ಸೇರುವ ಜಾಗವನ್ನು ತೋರಿಸುತ್ತ ಅವರು ವಿವರಿಸಿದರು. ಜರ್ಮನಿಯವರು ನೇರವಾಗಿ ಕೇಳಿದರು: ಡ್ರಾಯಿಂಗ್‌ನಲ್ಲಿರುವಂತೆಯೇ ಮಾಡಲು ಸಾಧ್ಯವೇ, ಇಲ್ಲವೇ? ನಾನು ಅನುವಾದಿಸಿದೆ. ಫೋರ್‌ಮನ್ ಒಮ್ಮೆ ಮ್ಯಾನೇಜರ್ ಕಡೆ ನೋಡಿ, "ನೂರಕ್ಕೆ ನೂರು ಪೀಸ್ ಹಾಗೇ ಕೊಡೋಕೆ ಆಗಲ್ಲ ಅಂತ ಹೇಳಿ ಮೇಡಂ" ಎಂದರು. ಮ್ಯಾನೇಜರ್ ತಲೆ ಎತ್ತಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಜಪಾನಿನವರು ತಲೆಯಾಡಿಸಿ, ತಮ್ಮ ಕಡೆಯಿಂದ ಗ್ರೂವ್‌ಗೆ ಅಡ್ಡಿಯಿಲ್ಲ, ಗ್ರೂವ್‌ನ ಸ್ಥಾನಕ್ಕೆ ಮಾತ್ರ ಇನ್ನಷ್ಟು ಬಿಗಿಯಾದ ಮಿತಿ ಬೇಕು ಎಂದು ಸಿದ್ಧಪಡಿಸಿಕೊಂಡಿದ್ದ ಒಂದು ಹಾಳೆಯನ್ನು ತೆರೆ ಮೇಲೆ ತಂದರು. ಕೆಲಸ ಮುಗಿಯಿತೆಂದುಕೊಂಡರೆ ಜರ್ಮನಿಯ ವಿನ್ಯಾಸಕರ ಮುಖ ಬಿಗಿದುಕೊಂಡಿತು. ಸಭೆಗೆ ಮುಂಚೆಯೇ ಎಲ್ಲವೂ ತೀರ್ಮಾನವಾಗಿರುವಂತಿದೆ, ಹಾಗಿದ್ದರೆ ವಿನ್ಯಾಸದ ಹೊಣೆ ಹೊತ್ತ ತಾವು ಇಲ್ಲಿ ಏಕೆ ಕುಳಿತಿದ್ದೇವೆ ಎಂದು ಕೇಳಿಯೇಬಿಟ್ಟರು. ಒಂದು ಕಡೆ ಸೌಜನ್ಯವೆನಿಸಿಕೊಂಡ ಪೂರ್ವತಯಾರಿ ಇನ್ನೊಂದು ಕಡೆ ಬೆನ್ನ ಹಿಂದಿನ ಒಳಸಂಚಿನಂತೆ ಕಂಡಿತ್ತು. ಅವರ ಅಸಮಾಧಾನದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ವಾಲ್ವ್ ಸೋರಿದರೆ ಉತ್ತರ ಕೊಡಬೇಕಾದವರು ಅವರೇ. ಗ್ರೂವ್‌ನ ಬಲವನ್ನು ತಾವು ಲೆಕ್ಕ ಹಾಕಿ ನೋಡದೆ ಸಹಿ ಹಾಕುವುದಿಲ್ಲ ಎಂದು ಹೇಳಿ ಅವರು ಸಭೆ ಮುಗಿಸಿದರು.

ಇಂಥ ಸಂದರ್ಭಗಳಿಗೆಂದೇ ಕಂಪನಿಗಳು ತರಬೇತಿ ಶಿಬಿರ ನಡೆಸುತ್ತವೆ. ಅಲ್ಲಿ ಪ್ರತಿ ದೇಶದ ಸಂಸ್ಕೃತಿಗೂ ಅಂಕ ಕೊಟ್ಟ ಪಟ್ಟಿ ತೋರಿಸುತ್ತಾರೆ. ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರ ಆ ಪ್ರಸಿದ್ಧ ಅಂಕಗಳ ಮೂಲ, 1967ರಿಂದ 1973ರವರೆಗೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರಲ್ಲಿ ನಡೆಸಿದ ಸಮೀಕ್ಷೆ. ದಿಕ್ಕು ತೋರಿಸುವ ಮಟ್ಟಿಗೆ ಅದು ಉಪಯುಕ್ತವೇ ಇರಬಹುದು. ಆದರೆ ಮೇಲಿನವರ ಎದುರು ಬಾಯಿ ಬಿಡದವರು ಎಂದು ಆ ಪಟ್ಟಿ ಗುರುತಿಸುವ ದೇಶದ ನಮ್ಮ ಫೋರ್‌ಮನ್ ಮ್ಯಾನೇಜರ್ ಎದುರಿಗೇ ಆಗುವುದಿಲ್ಲ ಎಂದಿದ್ದರು. ಜೊತೆಗೆ, ಏರ್‌ಬಸ್ ಎ380 ವಿಮಾನದ ಕಥೆಯೂ ಇದೆ. ಹ್ಯಾಂಬರ್ಗ್ ಮತ್ತು ಟುಲೂಸ್‌ನವರು ಒಂದೇ ಕಂಪನಿಯವರಾಗಿದ್ದರೂ ವಿನ್ಯಾಸ ತಂತ್ರಾಂಶದ ಬೇರೆಬೇರೆ ಆವೃತ್ತಿಗಳನ್ನು ಬಳಸಿದ್ದರಿಂದ, ಜೋಡಿಸುವಾಗ ವೈರುಗಳು ಗಿಡ್ಡವಾಗಿ, 2006ರಲ್ಲಿ ವಿಮಾನಗಳ ಹಸ್ತಾಂತರವನ್ನೇ ಮುಂದೂಡಬೇಕಾಯಿತು. ಅಂಥ ತೊಡಕು ಯಾವ ದೇಶದ ಅಂಕದಲ್ಲಿಯೂ ಕಾಣಿಸುವುದಿಲ್ಲ.

ಆ ಸಂಜೆ ಮ್ಯಾನೇಜರ್ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಜಪಾನಿನ ಎಂಜಿನಿಯರ್‌ರಿಂದ ಬಂದ ಪತ್ರದಲ್ಲಿ, ಫೋರ್‌ಮನ್ ಮುಂದೆಯೂ ಕನ್ನಡದಲ್ಲೇ ಮಾತಾಡಲಿ ಎಂಬ ಕೋರಿಕೆಯಿತ್ತು. ಇಂಗ್ಲಿಷ್ ಅವರಿಗೂ ಕಲಿತ ಭಾಷೆ. ಫೋರ್‌ಮನ್ ಮಾತು ಮುಗಿದು ನನ್ನ ಅನುವಾದ ಮುಗಿಯುವವರೆಗಿನ ಬಿಡುವಿನಲ್ಲಿ ಅವರು ತೆರೆ ಮೇಲಿನ ಪೀಸನ್ನು ನೋಡಿಕೊಂಡು, ತಮ್ಮವರೊಂದಿಗೆ ಚರ್ಚಿಸಿ, ಪ್ರಶ್ನೆಯನ್ನು ಜೋಡಿಸಿಕೊಂಡಿದ್ದರು. ಸಭೆ ನಿಧಾನವಾಯಿತೆಂದು ನಮಗೆ ಕಂಡದ್ದು ಅವರಿಗೆ ಮೊದಲ ಬಾರಿಗೆ ಸಾಕಷ್ಟು ಸಮಯ ಸಿಕ್ಕಂತಾಗಿತ್ತು.

ಜರ್ಮನಿಯವರು ಲೆಕ್ಕ ಮುಗಿಸಿ, ಗ್ರೂವ್‌ನ ತಳಕ್ಕೆ ದುಂಡು ಅಂಚು ಕೊಟ್ಟು, ಪರಿಷ್ಕೃತ ಡ್ರಾಯಿಂಗ್ ಕಳಿಸಿದರು. ಫೋರ್‌ಮನ್ ಸೂಚಿಸಿದ್ದಕ್ಕಿಂತ ಅದು ಉತ್ತಮವಾಗಿತ್ತು. ಜೊತೆಗೆ ಎರಡು ಷರತ್ತು ಹಾಕಿದ್ದರು: ಮುಂಚಿತವಾಗಿ ಕಳಿಸುವ ಟಿಪ್ಪಣಿ ಇನ್ನು ಮುಂದೆ ಇಬ್ಬರಿಗೂ ಒಂದೇ ಹೊತ್ತಿಗೆ ಬರಬೇಕು, ಮುಂದಿನ ಬಿಡಿಭಾಗದ ಡ್ರಾಯಿಂಗ್ ಅಂತಿಮಗೊಳ್ಳುವ ಮೊದಲು ನಮ್ಮ ಫೋರ್‌ಮನ್ ಅದನ್ನು ನೋಡಿ ಅಭಿಪ್ರಾಯ ಕೊಡಬೇಕು. ಮ್ಯಾನೇಜರ್ ಎರಡಕ್ಕೂ ಒಪ್ಪಿದರು. ಆ ಚರ್ಚೆಗಳಲ್ಲಿ ದರದ ಮಾತು ಮಾತ್ರ ಬರಕೂಡದು ಎಂದು ತಮ್ಮದೂ ಒಂದು ಷರತ್ತನ್ನು ಸೇರಿಸಿದರು.