"ಪರದೆ ಇಳಿಸ್ತೀರಾ?"

ಮೂರು ದಿನ ಆಯಿತು, ಆ ಎರಡು ಪದ ಇನ್ನೂ ಕಿವಿಯಲ್ಲೇ ಇವೆ.

ಜಗಲಿಗೆ ಹೀಟರ್ ಬೇಕಿತ್ತು. ಎಷ್ಟೇ ಚಳಿಯಿರಲಿ, ಸಂಜೆಯಾದರೆ ಅಮ್ಮ ಹೊರಗೇ ಕೂರುತ್ತಾಳೆ. ಶಾಲು ಹೊದ್ದು, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು. ಒಳಗೆ ಬಾ ಅಂದರೆ "ಇರು, ಸ್ವಲ್ಪ ಹೊತ್ತು" ಅನ್ನುತ್ತಾಳೆ. ಜಗಲಿಗೆ ಮೇಲೆ ಸೂರು, ಮೂರು ಕಡೆ ಗೋಡೆ. ನಾಲ್ಕನೇ ಕಡೆಗೆ ದಪ್ಪ ಪ್ಲಾಸ್ಟಿಕ್ ಪರದೆ. ಗಾಳಿ ಜಾಸ್ತಿಯಾದಾಗ ಅದನ್ನು ಇಳಿಸುತ್ತೇವೆ.

ತಮ್ಮ ಗ್ಯಾಸ್ ಹೀಟರೇ ಆಗಬೇಕು ಅಂದ. ಹೋಟೆಲ್‌ಗಳ ಹೊರಗೆ ಕೊಡೆ ಬಿಚ್ಚಿದ ಹಾಗೆ ನಿಂತಿರುತ್ತದಲ್ಲ, ಅದು. ಅದರದ್ದು 13 ಕಿಲೋವ್ಯಾಟ್, ಕರೆಂಟಿನದ್ದು 2 ಅಥವಾ 3. ಅಂಕಿ ನೋಡಿದರೆ ಯಾರಿಗಾದರೂ ಗ್ಯಾಸೇ ಸರಿ ಅನ್ನಿಸುತ್ತದೆ. ನನಗೂ ಅನ್ನಿಸಿತು. ತಮ್ಮನಿಗೆ ಯಾವುದರಲ್ಲೂ ದೊಡ್ಡದೇ ಬೇಕು. ಅಮ್ಮನ ಮೇಲಿನ ಪ್ರೀತಿಯನ್ನೂ ಅವನು ಹಾಗೇ ತೋರಿಸುವುದು.

ಮಾರುವ ಹುಡುಗ ಚುರುಕಾಗಿದ್ದ. ಜಗಲಿ ಹೀಗಿದೆ ಅಂದ ಕೂಡಲೇ, "ಇನ್ನೂ ಒಳ್ಳೇದಾಯ್ತು ಮೇಡಂ, ಪರದೆ ಬಿಟ್ಟರೆ ಶಾಖ ಹೊರಗೇ ಹೋಗಲ್ಲ" ಅಂದು ಬಿಲ್ ಮಾಡಲು ಹೋದ. ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದ ಹಿರಿಯರೊಬ್ಬರು ಆಗ ತಲೆಯೆತ್ತಿದರು.

"ಪರದೆ ಇಳಿಸ್ತೀರಾ?"

"ಹೂಂ, ಗಾಳಿ ಬಂದರೆ ಇಳಿಸ್ತೀವಿ."

"ಹಾಗಾದ್ರೆ ಇದು ಬೇಡಮ್ಮ."

ಹಲ್ಲಿನಿಂದ ಕಡಿಯಲು ಬಾಯಿಗಿಟ್ಟಿದ್ದ ಟೇಪಿನ ತುದಿಯನ್ನು ಹಾಗೇ ಕೆಳಗಿಳಿಸಿದರು. ಅರ್ಧ ಸುತ್ತಿದ ಪೆಟ್ಟಿಗೆಯನ್ನು ಗೋಡೆ ಕಡೆ ಸರಿಸಿದರು. ನಾನು ಏನಾದರೂ ಹೇಳಲಿ ಅಂತ ಕಾಯಲೂ ಇಲ್ಲ.

ಮನೆಗೆ ಬಂದು ಓದಿದ ಮೇಲೆ ಕೈ ತಣ್ಣಗಾಯಿತು. ಗ್ಯಾಸ್ ಉರಿಯಲು ಗಾಳಿ ಬೇಕು. ಬಯಲಲ್ಲಿ ಅದಕ್ಕೆ ಕೊರತೆಯಿಲ್ಲ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ, ಉರಿ ಪೂರ್ತಿಯಾಗುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಆಮೇಲೆ ಮಂಪರು. ಅಮ್ಮ ಕುರ್ಚಿಯಲ್ಲೇ ತೂಕಡಿಸುವುದು ದಿನಾ ಇದ್ದದ್ದೇ. ಪಾಪ, ನಿದ್ದೆ ಹತ್ತಿತು ಅಂದುಕೊಂಡು ಶಾಲು ಸರಿಮಾಡಿ ನಾವು ಒಳಗೆ ಹೋಗಿಬಿಡುತ್ತಿದ್ದೆವು, ಅಲ್ವಾ?

ಆ ಹುಡುಗನ ಮೇಲೆ ಸಿಟ್ಟು ಹೋಗಿಲ್ಲ. ಅವನಿಗೆ ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಬೆಂಕಿಯ ಸಾಮಾನು ಮಾರುವವರಿಗೆ ಇದು ಗೊತ್ತಿರಲೇಬೇಕು. ಇಂಥ ಹೀಟರ್ ಮನೆಯೊಳಗೆ ಬೇಡ ಅನ್ನುವುದು ನನಗೂ ತಿಳಿದಿತ್ತು. ಜಗಲಿ ಹೊರಗಲ್ಲವಾ ಅಂದುಕೊಂಡಿದ್ದೆ. ಸೂರು, ಮೂರು ಗೋಡೆ, ಮೇಲೆ ಪರದೆಯೂ ಬಿದ್ದರೆ ಅದು ಕೋಣೆಯೇ.

ಕೊನೆಗೆ ಗೋಡೆಗೆ ಹಾಕುವ ಕರೆಂಟಿನ ಇನ್‌ಫ್ರಾರೆಡ್ ಹೀಟರ್ ತಂದೆವು. ಇದು ಗಾಳಿಯನ್ನು ಕಾಯಿಸುತ್ತಾ ಕೂರುವುದಿಲ್ಲ. ಬಿಸಿಲಿನ ಹಾಗೆ ನೇರ ಮೈಗೆ ತಾಗುತ್ತದೆ. ಗ್ಯಾಸ್ ಹೀಟರ್‌ನ ಶಾಖದಲ್ಲಿ ಒಂದಷ್ಟು ಬಿಸಿಗಾಳಿಯಾಗಿ ಮೇಲೆ ಹೋಗಿಬಿಡುತ್ತದೆ, ಹಾಗಾಗಿ ಆ 13ನ್ನೂ ಈ 2ನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ನೋಡಬಾರದಿತ್ತು. 2 ಕಿಲೋವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್. ಎಕ್ಸ್‌ಟೆನ್ಷನ್ ವೈರಿಗೆ ಸಿಗಿಸುವ ಯೋಚನೆ ಬಿಟ್ಟು, ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್ ಎಳೆಸಿದೆವು. ಎರಚಲು ಬೀಳುವ ಜಾಗವಾದ್ದರಿಂದ ಹೀಟರ್ ಮೇಲೆ ಐಪಿ44 ಅನ್ನುವ ರಕ್ಷಣೆಯ ಗುರುತು ಇದೆಯಾ ಅಂತಲೂ ನೋಡಿದೆ. ಆ ಎರಡನೇ 4 ನೀರು ಸಿಡಿದರೂ ತೊಂದರೆಯಿಲ್ಲ ಅನ್ನುವುದಕ್ಕೆ.

ಇದರಲ್ಲೂ ಎರಡು ಬಗೆ. ಒಂದು ಸ್ವಿಚ್ ಹಾಕಿದ ತಕ್ಷಣ ಕೆಂಪಗೆ ಹೊಳೆದು ಕಾಯುತ್ತದೆ. ಇನ್ನೊಂದು ಕಪ್ಪು ಹಲಗೆಯಂಥದ್ದು. ಕಾಯಲು ಕೆಲವು ನಿಮಿಷ ಬೇಕು, ಬೆಳಕು ಇರುವುದಿಲ್ಲ. ತಮ್ಮ ಕೆಂಪಿನದೇ ಅಂದ. ಆಗಲೇ ನನಗೆ ಹೊಳೆದದ್ದು, ಅಮ್ಮನನ್ನು ನಾವು ಒಂದು ಮಾತೂ ಕೇಳಿಲ್ಲ ಅಂತ.

ಕೇಳಿದೆ.

"ಬೆಳಕಿಂದು ಬೇಡ ಕಣೇ. ನಾನು ಹೊರಗೆ ಬರೋದೇ ಕತ್ತಲಿಗೆ. ಒಳಗೆ ಎಲ್ಲಾ ಕಡೆ ಲೈಟು, ಟೀವಿ."

ಇಷ್ಟು ವರ್ಷ ಅವಳು ತಂಗಾಳಿಗೆ ಬರುತ್ತಾಳೆ ಅಂದುಕೊಂಡಿದ್ದೆ. ಚಳಿಯಲ್ಲಿ ಯಾಕೆ ಹಟ ಮಾಡುತ್ತಾಳೆ ಅಂತ ರೇಗಿದ್ದೂ ಇದೆ. ಕಣ್ಣಿಗೆ ಸ್ವಲ್ಪ ಕತ್ತಲು ಬೇಕು ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಲು ನಾವು ಜಾಗ ಕೊಟ್ಟಿರಲಿಲ್ಲ ಅನ್ನುವುದೇ ಸರಿ. ಪೆಟ್ಟಿಗೆ ಕಟ್ಟುತ್ತಿದ್ದ ಆ ಹಿರಿಯರು ಒಂದೇ ಒಂದು ಪ್ರಶ್ನೆ ಕೇಳಿದ್ದರು, ಅದೂ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ ಅನ್ನುವುದರ ಬಗ್ಗೆ. ಮಷೀನಿನ ಬಗ್ಗೆ ಅಲ್ಲ. ನಾಳೆ ಹೋಗಿ ಅವರಿಗೆ ಇದನ್ನು ಹೇಳಿ ಬರಬೇಕು.

ನಿನ್ನೆ ಸಂಜೆ ಕಪ್ಪು ಹಲಗೆ ಹಾಕಿದೆವು. ಐದಾರು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ಅಮ್ಮ ಮಾತಾಡುತ್ತಾ ಆಡುತ್ತಾ ಕಂಕುಳಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಪರದೆ ಮೇಲೇ ಇತ್ತು.